ಹಕ್ಕಿನಾಯಿಯ ತರಬೇತಿ: ಅಂಗಳದಿಂದ ಗುಡ್ಡೆಗೆ, ಗುಡ್ಡೆಯಿಂದ ಕಟ್ಟದ ನೀರಿಗೆ

ಲ್ಯಾಬ್ರಡಾರ್ ಅಥವಾ ಸ್ಪೇನಿಯಲ್ ಮರಿಯನ್ನು ಮನೆಗೆ ತಂದು ಐದಾರು ತಿಂಗಳು ಕಳೆಯುವಷ್ಟರಲ್ಲಿ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನೆರೆಮನೆಯ ಕೋಳಿಗಳನ್ನು ಅಟ್ಟುತ್ತದೆ, ಕರೆದರೆ ತಿರುಗಿಯೂ ನೋಡುವುದಿಲ್ಲ, ತೋಟಕ್ಕೆ ಬಿಟ್ಟರೆ ಹುಂಡುಕೋಳಿಯ ಹಿಂದೆ ತೋಡು ದಾಟಿ ಹೋಗುತ್ತದೆ. ವಿಡಿಯೊಗಳಲ್ಲಿ ಕಾಣುವ ಹಕ್ಕಿನಾಯಿಗಳು ಒಂದು ಸೀಟಿಗೆ ಓಟದ ನಡುವೆಯೇ ಕುಳಿತುಬಿಡುತ್ತವಲ್ಲ, ಅದು ಹೇಗೆ? ಈ ಲೇಖನ ಆ ಪ್ರಶ್ನೆಗೆ ಉತ್ತರ.

ಈ ತಳಿಗಳು ಹಕ್ಕಿಬೇಟೆಯ ಕೆಲಸಕ್ಕೆಂದೇ ರೂಪುಗೊಂಡವು. ಪಾಯಿಂಟರ್ ಮತ್ತು ಸೆಟರ್ ತಳಿಯ ನಾಯಿಗಳು ಹಕ್ಕಿಯ ವಾಸನೆ ಸಿಕ್ಕಿದೊಡನೆ ಮೂಗನ್ನು ಆ ದಿಕ್ಕಿಗೆ ಚಾಚಿ ಅಲುಗದೆ ನಿಲ್ಲುತ್ತವೆ. ಸ್ಪೇನಿಯಲ್ ಪೊದೆಯೊಳಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸುತ್ತದೆ. ರಿಟ್ರೀವರ್ ಒಡೆಯನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದು, ಹೇಳಿದಾಗ ಮಾತ್ರ ಹೋಗಿ, ಬಿದ್ದ ಹಕ್ಕಿಯನ್ನು ಹುಡುಕಿ ತರುತ್ತದೆ. ಕಾಕರ್ ಸ್ಪೇನಿಯಲ್ ಎಂಬ ಹೆಸರೇ ವುಡ್‌ಕಾಕ್ ಎಂಬ ಹಕ್ಕಿಯಿಂದ ಬಂದದ್ದು. ಗೋಲ್ಡನ್ ರಿಟ್ರೀವರ್ ತಳಿಗೆ ಮೂಲವಾದ ಮರಿಗಳು 1868ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವು. ಲ್ಯಾಬ್ರಡಾರಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ನಾಯಿಗಳಾಗಿದ್ದುದರಿಂದ ಅದಕ್ಕೆ ನೀರು ಕಂಡರೆ ತಡೆಯದ ಆಸೆ. ಆದ್ದರಿಂದ ನಿಮ್ಮ ಮರಿ ಕೋಳಿಯ ಹಿಂದೆ ಓಡಿದರೆ ಅದು ಪೋಕರಿಯೆಂದು ತಿಳಿಯಬೇಡಿ. ಅದಕ್ಕೆ ಹುಟ್ಟಿನಿಂದ ಬಂದ ಕೆಲಸವನ್ನು ಅದು ಯಾರೂ ಕಲಿಸದೆ, ತನಗೆ ತೋಚಿದಂತೆ ಮಾಡುತ್ತಿದೆ.

ಮೊದಲು ಕಾನೂನಿನ ಮಾತು

ನಮ್ಮಲ್ಲಿ ಕಾಡುಹಕ್ಕಿಗಳ ಬೇಟೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಬೇಟೆ ಎಂದು ಹಲವರು ತಿಳಿದಿದ್ದಾರೆ. ಕಾಯಿದೆಯ ವ್ಯಾಖ್ಯೆಯಲ್ಲಿ ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು, ಅದಕ್ಕೆ ಪ್ರಯತ್ನಿಸುವುದು, ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದು, ಇವೆಲ್ಲವೂ ಸೇರಿವೆ. ನವಿಲಂತೂ ಒಂದನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯಿರುವ ಪಟ್ಟಿಯಲ್ಲಿ ಇದೆ. ಗೌಜಲಹಕ್ಕಿ, ಲಾವುಗೆ, ಕಾಡುಕೋಳಿಗಳ ಮೇಲೆ ನಾಯಿಯನ್ನು ಬಿಟ್ಟು ‘ಅಭ್ಯಾಸ’ ಮಾಡಿಸಬೇಕೆಂಬ ಯೋಚನೆ ಯಾರಲ್ಲಾದರೂ ಇದ್ದರೆ ಅದನ್ನು ಇಲ್ಲಿಗೇ ಬಿಡಬೇಕು.

ಇದರಿಂದ ತರಬೇತಿಗೆ ಯಾವ ಕೊರತೆಯೂ ಆಗುವುದಿಲ್ಲ. ಹಕ್ಕಿಬೇಟೆಗೆ ಅನುಮತಿಯಿರುವ ದೇಶಗಳಲ್ಲಿಯೂ ಈ ನಾಯಿಗಳು ಮೊದಲ ಒಂದು ವರ್ಷವನ್ನು ಬಹುತೇಕ ಹಕ್ಕಿಯಿಲ್ಲದೆ, ಡಮ್ಮಿಯಿಂದಲೇ ಕಲಿಯುತ್ತವೆ. ಡಮ್ಮಿ ಎಂದರೆ ಹಕ್ಕಿಯ ಬದಲಿಗೆ ಬಳಸುವ, ಬಟ್ಟೆ ಹೊಲಿದ ಮೆದುವಾದ ಉರುಳೆ. ನಾವು ಆ ದಾರಿಯಲ್ಲಿ ಕೊನೆಯವರೆಗೂ ನಡೆಯುತ್ತೇವೆ. ನಮ್ಮ ಗುರಿ, ಹಕ್ಕಿ ಎದುರಿಗೆ ಎದ್ದು ಹಾರಿದರೂ ಕುಳಿತು ನೋಡುವ, ಕಳೆದುಹೋದ ವಸ್ತುವನ್ನು ಪೊದೆಯೊಳಗಿಂದ ಹುಡುಕಿ ತಂದು ಕೈಗೆ ಕೊಡುವ, ತೋಟ ಗುಡ್ಡೆಗಳಲ್ಲಿ ಹಗ್ಗವಿಲ್ಲದೆ ಜೊತೆಗೆ ನಡೆಯುವ ನಾಯಿ.

ಸಾಕುನಾಯಿಗೆ ಪಂಚಾಯತಿನ ಪರವಾನಗಿ ಬೇಕು; ಅದಕ್ಕೆ ರೇಬಿಸ್ ಲಸಿಕೆಯ ಪ್ರಮಾಣಪತ್ರವನ್ನು ತೋರಿಸಬೇಕಾಗುತ್ತದೆ. ರೇಬಿಸ್ ಲಸಿಕೆಯ ಜೊತೆಗೆ ಪಾರ್ವೊ, ಡಿಸ್ಟೆಂಪರ್ ಮತ್ತು ಇಲಿಜ್ವರದ ಲಸಿಕೆಗಳನ್ನೂ ಹಾಕಿಸಿ. ಇಲಿಜ್ವರವು ಇಲಿಯ ಮೂತ್ರ ಸೇರಿದ ನೀರಿನಿಂದ ಹರಡುವ ಕಾಯಿಲೆಯಾಗಿರುವುದರಿಂದ ಅಡಿಕೆ ತೋಟದ ಕಣಿಗಳಲ್ಲಿ ಓಡಾಡುವ ನಾಯಿಗೆ ಈ ಲಸಿಕೆ ತಪ್ಪಬಾರದು.

ಬೇಕಾಗುವ ಸಾಮಗ್ರಿ

ಒಂದೇ ಸ್ವರ ಕೊಡುವ ಪ್ಲಾಸ್ಟಿಕ್ ಸೀಟಿ ಮುಖ್ಯ. ಆಕ್ಮೆ ಸಂಸ್ಥೆಯ 210.5 ಸಂಖ್ಯೆಯ ಸೀಟಿಯನ್ನು ಸ್ಪೇನಿಯಲ್‌ಗಳಿಗೂ 211.5 ಸಂಖ್ಯೆಯದನ್ನು ರಿಟ್ರೀವರ್‌ಗಳಿಗೂ ಬಳಸುವ ರೂಢಿಯಿದೆ. ಸಂಖ್ಯೆ ಒಂದೇ ಇದ್ದರೆ ಸ್ವರವೂ ಒಂದೇ ಇರುವುದರಿಂದ, ಕಳೆದುಹೋದರೂ ಅದೇ ಸ್ವರದ ಇನ್ನೊಂದನ್ನು ತರಬಹುದೆಂಬುದು ಇದರ ಅನುಕೂಲ.

ನಮ್ಮ ಊರಿನಲ್ಲಿ ಸೀಟಿಗೆ ಇನ್ನೊಂದು ಕಾರಣವೂ ಇದೆ. ಮನೆಯವರು ಕನ್ನಡದಲ್ಲಿ ‘ಬಾ’ ಎನ್ನುತ್ತಾರೆ, ತೋಟಕ್ಕೆ ಬರುವವರು ತುಳುವಿನಲ್ಲಿ ‘ಬಲ’ ಎನ್ನುತ್ತಾರೆ, ನೆರೆಯವರು ಮಲಯಾಳದಲ್ಲಿ ‘ವಾ’ ಎನ್ನುತ್ತಾರೆ. ಒಂದೇ ಆಜ್ಞೆಗೆ ಮೂರು ಪದಗಳನ್ನು ಕೇಳಿದ ಮರಿ ಮೂರನ್ನೂ ಕಡೆಗಣಿಸಲು ಕಲಿಯುತ್ತದೆ. ಸೀಟಿ ಯಾರ ಬಾಯಲ್ಲಿದ್ದರೂ ಒಂದೇ ರೀತಿ ಕೇಳಿಸುತ್ತದೆ, ಅದರಲ್ಲಿ ನಮ್ಮ ಸಿಟ್ಟೂ ಕಾಣಿಸುವುದಿಲ್ಲ.

ಉಳಿದವು ಇಷ್ಟು: ಅಗಲವಾದ ಕೊರಳಪಟ್ಟಿ, ಎರಡು ಮೀಟರಿನ ಗಟ್ಟಿ ಹಗ್ಗ, ಹತ್ತು ಮೀಟರಿನ ಹಗುರವಾದ ಉದ್ದ ಹಗ್ಗ, ಮತ್ತು ಡಮ್ಮಿಗಳು. ಅಂಗಡಿಯಲ್ಲಿ ಸಿಗುವ ಕ್ಯಾನ್ವಾಸ್ ಡಮ್ಮಿ ಸುಮಾರು 450 ಗ್ರಾಂ ತೂಗುತ್ತದೆ. ಮರಿಗಳಿಗೆ ಅದರ ಅರ್ಧ ತೂಕ ಸಾಕು. ಮನೆಯಲ್ಲಿಯೂ ಮಾಡಬಹುದು. ತೆಂಗಿನ ನಾರನ್ನು ಒತ್ತಾಗಿ ಸುತ್ತಿ, ನಡುವೆ ಮರಳಿನ ಚಿಕ್ಕ ಪೊಟ್ಟಣವಿಟ್ಟು, ದಪ್ಪ ಬಟ್ಟೆಯ ಎರಡು ಪದರಗಳಲ್ಲಿ ಒಂದು ಗೇಣಿಗಿಂತ ತುಸು ಉದ್ದಕ್ಕೆ ಹೊಲಿದು, ತುದಿಗೆ ಎಸೆಯಲು ಹಿಡಿಹಗ್ಗ ಕಟ್ಟಿದರಾಯಿತು. ನೀರಿನ ಅಭ್ಯಾಸಕ್ಕೆ ಮರಳಿನ ಬದಲು ಥರ್ಮೊಕೋಲ್ ತುಂಬಿ. ಎಳನೀರಿನ ಬುರುಡೆ, ಕೋಲು, ಕಲ್ಲು ಇವುಗಳನ್ನು ಎಸೆಯಬೇಡಿ: ಕೋಲು ಬಾಯೊಳಗೆ ಚುಚ್ಚುತ್ತದೆ, ಕಲ್ಲು ಹಲ್ಲನ್ನು ಕೆಡಿಸುತ್ತದೆ.

ಹಂತ 1: ಎರಡರಿಂದ ನಾಲ್ಕು ತಿಂಗಳು

ಮರಿಯನ್ನು ಎಂಟು ವಾರ ತುಂಬಿದ ಮೇಲೆ ತನ್ನಿ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲದಲ್ಲಿ ಮರಿ ಯಾವುದನ್ನು ನೋಡಿ ಹೆದರದೆ ಇರಲು ಕಲಿಯುತ್ತದೋ ಅದು ಮುಂದೆಯೂ ಅದಕ್ಕೆ ಸಹಜವಾಗಿ ಉಳಿಯುತ್ತದೆ. ಈ ವಾರಗಳಲ್ಲಿ ಅದನ್ನು ಎತ್ತಿಕೊಂಡೇ ಕೊಟ್ಟಿಗೆ, ಅಂಗಳದಲ್ಲಿ ಹರಡಿದ ಅಡಿಕೆ, ಪಂಪ್‌ಸೆಟ್ಟಿನ ಸದ್ದು, ಕೋಳಿಗೂಡು ಎಲ್ಲವನ್ನೂ ತೋರಿಸಿ. ಲಸಿಕೆ ಪೂರ್ಣವಾಗುವವರೆಗೆ ಬೀದಿನಾಯಿಗಳು ತಿರುಗಾಡುವ ಕಡೆ ನೆಲಕ್ಕೆ ಬಿಡಬೇಡಿ.

ಊಟದ ತಟ್ಟೆಯನ್ನು ಇಡುವ ಮುನ್ನ ಪ್ರತಿ ಸಲವೂ ‘ಪಿಪ್-ಪಿಪ್-ಪಿಪ್’ ಎಂದು ಚಿಕ್ಕಚಿಕ್ಕದಾಗಿ ಸೀಟಿ ಊದಿ. ದಿನಕ್ಕೆ ನಾಲ್ಕು ಊಟವೆಂದರೆ ನಾಲ್ಕು ಪಾಠ. ಎರಡು ವಾರಗಳಲ್ಲಿ ಮರಿ ಎಲ್ಲಿದ್ದರೂ ಈ ಸದ್ದಿಗೆ ಓಡಿಬರುತ್ತದೆ. ಇದೇ ‘ಬಾ’ ಎಂಬ ಸೀಟಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಬಂದ ನಾಯಿಯನ್ನು ಬೈಯುವುದು. ಚಪ್ಪಲಿ ಕಚ್ಚಿದ ಮರಿಯನ್ನು ಸೀಟಿ ಊದಿ ಕರೆದು, ಬಂದ ಮೇಲೆ ಗದರಿದರೆ, ಗದರಿಕೆ ಬಂದದ್ದಕ್ಕೆ ಎಂದೇ ಅದು ತಿಳಿಯುತ್ತದೆ. ಕರೆದಾಗ ಬಂದ ನಾಯಿಗೆ, ಅದು ಏನೇ ಮಾಡಿ ಬಂದಿರಲಿ, ಒಳ್ಳೆಯ ಮಾತೇ ಸಿಗಬೇಕು.

ಮರಿ ಬಾಯಲ್ಲಿ ಏನನ್ನಾದರೂ ಕಚ್ಚಿಕೊಂಡು ತಿರುಗಿದರೆ ಅಟ್ಟಿಸಿಕೊಂಡು ಹೋಗಿ ಕಿತ್ತುಕೊಳ್ಳಬೇಡಿ. ತಗ್ಗಿ ಕುಳಿತು, ಹತ್ತಿರ ಬಂದಾಗ ಮೈ ಸವರಿ, ನಿಧಾನವಾಗಿ ಬಿಡಿಸಿಕೊಳ್ಳಿ. ಮುಂದೆ ವಸ್ತುವನ್ನು ಕೈಗೆ ತಂದುಕೊಡುವ ಗುಣಕ್ಕೆ ಬೀಜ ಬೀಳುವುದು ಈ ಕಾಲದಲ್ಲಿ. ಅಡಿಕೆ ಮಾತ್ರ ಇದಕ್ಕೆ ಅಪವಾದ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಔಷಧವಾಗಿ ಬಳಸುತ್ತಿದ್ದರು. ಮರಿ ಅಡಿಕೆಯನ್ನು ಅಗಿದರೆ ಜೊಲ್ಲು, ವಾಂತಿ, ಭೇದಿ ಶುರುವಾಗಬಹುದು. ಒಣಗಲು ಹಾಕಿದ ಕೊಕ್ಕೊ ಬೀಜ ಇನ್ನೂ ಕೆಟ್ಟದು, ಅದರಲ್ಲಿರುವ ಥಿಯೊಬ್ರೊಮಿನ್ ನಾಯಿಯ ಹೃದಯಕ್ಕೆ ವಿಷ. ಅಂಗಳದಲ್ಲಿ ಇವೆರಡೂ ಹರಡಿರುವ ತಿಂಗಳುಗಳಲ್ಲಿ ಮರಿಗೆ ಬೇರೆಯೇ ಆವರಣ ಮಾಡಿ.

ಹಂತ 2: ನಾಲ್ಕರಿಂದ ಏಳು ತಿಂಗಳು

ಈ ಅವಧಿಯಲ್ಲಿ 28 ಹಾಲುಹಲ್ಲುಗಳು ಬಿದ್ದು 42 ಶಾಶ್ವತ ಹಲ್ಲುಗಳು ಬರುತ್ತವೆ. ಒಸಡು ನೋಯುತ್ತಿರುವ ಮರಿಯ ಬಾಯಿಗೆ ಡಮ್ಮಿ ಕೊಟ್ಟರೆ ಅದು ಅಗಿಯಲು ಕಲಿಯುತ್ತದೆ, ಇಲ್ಲವೇ ಎತ್ತುವುದನ್ನೇ ಬಿಟ್ಟುಬಿಡುತ್ತದೆ. ಆದ್ದರಿಂದ ಹಲ್ಲು ಬಂದು ಮುಗಿಯುವವರೆಗೆ ತರಿಸುವ ಆಟ ಬೇಡ.

ಕಲಿಸಬೇಕಾದುದು ಮೂರು: ಕುಳಿತುಕೊಳ್ಳುವುದು, ಕುಳಿತಲ್ಲೇ ಇರುವುದು, ಹಗ್ಗ ಸಡಿಲವಾಗಿ ಎಡಗಾಲಿನ ಪಕ್ಕದಲ್ಲಿ ನಡೆಯುವುದು. ಪಾಠ ಐದು ನಿಮಿಷ ಮೀರಬಾರದು, ದಿನಕ್ಕೆ ಎರಡು ಸಾಕು. ಆಜ್ಞೆಯನ್ನು ಒಂದೇ ಸಲ ಹೇಳಿ. ‘ಕೂತ್ಕೊ, ಕೂತ್ಕೊ, ಕೂತ್ಕೊ’ ಎಂದು ಹೇಳಿದರೆ ಮೂರನೆಯ ಸಲಕ್ಕೆ ಕುಳಿತರೆ ಸಾಕೆಂದು ನಾಯಿ ಲೆಕ್ಕ ಹಾಕಿಕೊಳ್ಳುತ್ತದೆ.

ಕುಳಿತಲ್ಲೇ ಇರುವುದನ್ನು ಕಲಿಸುವಾಗ ದೂರ, ಸಮಯ, ಗಲಾಟೆ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ. ಹತ್ತು ಹೆಜ್ಜೆ ದೂರ ಹೋಗುವ ದಿನ ಅರ್ಧ ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ; ಕೋಳಿ ಕಾಣುವ ಕಡೆ ಕೂರಿಸುವ ದಿನ ನೀವು ಪಕ್ಕದಲ್ಲೇ ನಿಂತಿರಿ. ಕುಳಿತ ನಾಯಿಯನ್ನು ದೂರದಿಂದ ಕರೆಯುವುದಕ್ಕಿಂತ ನೀವೇ ಅದರ ಬಳಿಗೆ ಹಿಂದಿರುಗುವುದು ಹೆಚ್ಚಾಗಿರಲಿ, ಹತ್ತು ಸಲಕ್ಕೆ ಒಂಬತ್ತು ಸಲ. ಇಲ್ಲವಾದರೆ ಅದು ಕುಳಿತಲ್ಲಿಯೇ ಕರೆಗಾಗಿ ಕಾದು, ಕರೆಯುವ ಮೊದಲೇ ಎದ್ದುಬರುತ್ತದೆ.

ದೊಡ್ಡ ತಳಿಗಳಲ್ಲಿ ಮೂಳೆಗಳ ತುದಿಯ ಬೆಳವಣಿಗೆ ಮುಗಿಯಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ದರೆ ಹಾರಿಸುವುದು, ಬೈಕಿನ ಹಿಂದೆ ಓಡಿಸುವುದು ಕೂಡದು.

ಹಂತ 3: ನಿಲ್ಲಿಸುವ ಸೀಟಿ

ಇಡೀ ತರಬೇತಿಯಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೆ, ನೀವೂ ಕೊಡಬೇಕು. ಒಂದು ಉದ್ದನೆಯ ಸೀಟಿ ಕೇಳಿದರೆ ನಾಯಿ ಎಲ್ಲಿದ್ದರೂ, ಏನು ಮಾಡುತ್ತಿದ್ದರೂ ಅಲ್ಲಿಯೇ ಕುಳಿತು ನಿಮ್ಮ ಮುಖ ನೋಡಬೇಕು. ಹಕ್ಕಿಯ ಹಿಂದೆ ಓಡುವ ನಾಯಿಯನ್ನು ‘ಬಾ’ ಎಂದು ಕರೆದರೆ ಅದು ತನ್ನ ಆಸೆಯಿರುವ ದಿಕ್ಕಿಗೆ ಬೆನ್ನು ಹಾಕಿ ಬರಬೇಕಾಗುತ್ತದೆ. ‘ಕುಳಿತುಕೋ’ ಎಂದರೆ ಆ ದಿಕ್ಕನ್ನು ನೋಡುತ್ತಲೇ ಕುಳಿತುಕೊಳ್ಳಬಹುದು. ನಾಯಿಗೆ ಎರಡನೆಯದು ಸುಲಭ. ಆದುದರಿಂದಲೇ ಕರೆಗೆ ಓಗೊಡದ ನಾಯಿಯೂ ನಿಲ್ಲಿಸುವ ಸೀಟಿಗೆ ಕಿವಿಗೊಡುತ್ತದೆ.

ಮೊದಲ ವಾರ ಊಟದ ತಟ್ಟೆ ಕೈಯಲ್ಲಿರಲಿ. ಮರಿ ಎದುರಿಗೆ ನಿಂತಿರುವಾಗ ಬಲಗೈಯನ್ನು ಮೇಲಕ್ಕೆತ್ತಿ ಒಂದು ಉದ್ದ ಸೀಟಿ ಊದಿ. ಕುಳಿತೊಡನೆ ತಟ್ಟೆ ಇಡಿ. ಎರಡನೆಯ ವಾರ ಹಗ್ಗದಲ್ಲಿ ಪಕ್ಕದಲ್ಲಿ ನಡೆಯುತ್ತಿರುವಾಗ ಊದಿ, ನೀವೂ ನಿಲ್ಲಿ. ಮೂರನೆಯ ವಾರದಿಂದ ಉದ್ದ ಹಗ್ಗ ಕಟ್ಟಿ, ನಾಯಿ ಎರಡು ಮೀಟರ್ ಮುಂದಿರುವಾಗ, ಆಮೇಲೆ ಐದು, ಆಮೇಲೆ ಹತ್ತು ಮೀಟರ್ ಮುಂದಿರುವಾಗ ಊದಿ. ಕುಳಿತರೆ ನೀವೇ ನಡೆದುಹೋಗಿ ಅಲ್ಲಿಯೇ ತಿಂಡಿ ಕೊಡಿ. ಕುಳಿತುಕೊಳ್ಳದಿದ್ದರೆ ಎರಡನೆಯ ಸಲ ಊದಬೇಡಿ. ಹಗ್ಗವನ್ನು ಹಿಡಿದು ಹತ್ತಿರ ಹೋಗಿ, ಅದು ಎಲ್ಲಿ ಕುಳಿತಿರಬೇಕಿತ್ತೋ ಆ ಜಾಗಕ್ಕೆ ಕರೆತಂದು ಕೂರಿಸಿ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುವವರೆಗೆ ದೂರವನ್ನು ಹೆಚ್ಚಿಸಬೇಡಿ. ಹಗ್ಗವನ್ನು ಬೇಗ ಬಿಚ್ಚಿದವರೆಲ್ಲರೂ ಮತ್ತೆ ಕಟ್ಟಬೇಕಾಗಿ ಬಂದದ್ದನ್ನು ಕಂಡಿದ್ದೇನೆ. ಎರಡು ತಿಂಗಳು ಹಗ್ಗ ಎಳೆದುಕೊಂಡು ತಿರುಗಿದರೆ ನಾಯಿಗೆ ನಷ್ಟವೇನಿಲ್ಲ.

ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಗಳನ್ನು ಕೆಲವರು ಆನ್‌ಲೈನಿನಲ್ಲಿ ತರಿಸುತ್ತಾರೆ. ಬೇಡವೆಂದು ಕೇಳಿಕೊಳ್ಳುತ್ತೇನೆ. ನೋವು ಯಾವುದರಿಂದ ಬಂತೆಂದು ನಾಯಿಗೆ ತಿಳಿಯುವುದಿಲ್ಲ. ಆ ಕ್ಷಣದಲ್ಲಿ ಎದುರಿಗಿದ್ದ ಮಗುವೋ ದನವೋ ಅದರ ಕಾರಣವೆಂದು ಅದು ನಂಬಿದರೆ ಆಗುವ ಅನಾಹುತ ದೊಡ್ಡದು.

ಹಂತ 4: ಬಿದ್ದುದನ್ನು ಕಂಡು ತರುವುದು

ನಾಯಿ ತನ್ನ ಕಣ್ಣಿನಿಂದ ನೋಡುತ್ತಿರುವಾಗ ಬಿದ್ದ ವಸ್ತುವಿಗೆ ‘ಮಾರ್ಕ್’ ಎಂದೂ, ಎಲ್ಲಿ ಬಿದ್ದಿದೆಯೆಂದು ನಮಗೆ ಮಾತ್ರ ಗೊತ್ತಿರುವ ವಸ್ತುವಿಗೆ ‘ಬ್ಲೈಂಡ್’ ಎಂದೂ ಈ ವಿದ್ಯೆಯವರು ಹೇಳುತ್ತಾರೆ. ಮೊದಲು ಮಾರ್ಕ್.

ಆರಂಭ ಮನೆ ಮತ್ತು ಕೊಟ್ಟಿಗೆಯ ನಡುವಿನ ಓಣಿಯಂತಹ ಇಕ್ಕಟ್ಟಾದ ಜಾಗದಲ್ಲಿರಲಿ. ಡಮ್ಮಿಯನ್ನು ಐದಾರು ಮೀಟರ್ ಎಸೆದು, ಅದು ಬಿದ್ದ ಮೇಲೆ ಮೂರು ಎಣಿಸಿ, ಹೆಸರು ಹೇಳಿ ಬಿಡಿ. ಎತ್ತಿಕೊಂಡ ನಾಯಿಗೆ ನಿಮ್ಮ ಕಡೆ ಬರುವುದರ ಹೊರತು ಬೇರೆ ದಾರಿ ಇರುವುದಿಲ್ಲ. ಬರುತ್ತಿರುವಾಗ ನೀವು ಎರಡು ಹೆಜ್ಜೆ ಹಿಂದಕ್ಕೆ ಸರಿದರೆ ಅದು ಇನ್ನೂ ಬೇಗ ಬರುತ್ತದೆ. ಬಂದೊಡನೆ ಡಮ್ಮಿಗೆ ಕೈ ಹಾಕಬೇಡಿ. ಎದೆ, ಕುತ್ತಿಗೆ ಸವರಿ, ಒಂದೆರಡು ಕ್ಷಣ ಅದು ಹಿಡಿದುಕೊಂಡೇ ಇರಲಿ. ಆಮೇಲೆ ‘ಕೊಡು’ ಎಂದು ಅಂಗೈಯನ್ನು ಕೆಳಗಿನಿಂದ ಒಡ್ಡಿ. ವಸ್ತುವನ್ನು ಹಲ್ಲು ಊರದೆ ಹಿಡಿಯುವ ಗುಣಕ್ಕೆ ಮೆದುಬಾಯಿ ಎನ್ನೋಣ; ಮೊಟ್ಟೆಯನ್ನೂ ಒಡೆಯದೆ ತರಬಲ್ಲ ನಾಯಿಗಳಿವೆ. ಮೆದುಬಾಯಿ ಕೆಡುವುದು ಹೆಚ್ಚಾಗಿ ನಮ್ಮಿಂದಲೇ: ಹಗ್ಗಜಗ್ಗಾಟ ಆಡಿಸುವುದು, ಮಕ್ಕಳು ಬಾಯಿಂದ ಕಿತ್ತುಕೊಳ್ಳುವುದು, ಎರಡು ನಾಯಿಗಳಿಗೆ ಒಂದೇ ಡಮ್ಮಿ ಎಸೆಯುವುದು.

ಓಣಿಯಲ್ಲಿ ಸರಿಯಾದ ಮೇಲೆ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ದ ಬೈಲಿಗೆ ಬನ್ನಿ. ಕೂಳೆ ಉಳಿದ ಸಮತಟ್ಟಾದ ಗದ್ದೆ ಈ ಪಾಠಕ್ಕೆ ಬಹಳ ಒಳ್ಳೆಯದು. ಡಮ್ಮಿ ಬೀಳುವುದು ಕಾಣುತ್ತದೆ, ಬಿದ್ದ ಮೇಲೆ ಕಾಣುವುದಿಲ್ಲ, ಆದ್ದರಿಂದ ನಾಯಿ ಕಣ್ಣಿನಿಂದ ಜಾಗವನ್ನು ನೆನಪಿಟ್ಟುಕೊಂಡು ಮೂಗಿನಿಂದ ಹುಡುಕಲು ಕಲಿಯುತ್ತದೆ. ಹದಿನೈದು ಮೀಟರಿನಿಂದ ಆರಂಭಿಸಿ ವಾರವಾರ ದೂರ ಹೆಚ್ಚಿಸಿ.

ಒಂದು ಪಾಠದಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಎಸೆತ. ಅದರಲ್ಲಿಯೂ ಒಂದನ್ನು ನಾಯಿಯನ್ನು ಕೂರಿಸಿಟ್ಟು ನೀವೇ ಹೋಗಿ ಎತ್ತಿ ತನ್ನಿ, ಎಸೆದದ್ದೆಲ್ಲ ತನಗಲ್ಲವೆಂದು ಅದಕ್ಕೆ ತಿಳಿಯಬೇಕು. ನನ್ನ ಮೊದಲ ಲ್ಯಾಬ್ರಡಾರಿಗೆ ದಿನಕ್ಕೆ ಇಪ್ಪತ್ತು ಸಲ ಎಸೆದೆ. ಅದು ಸಂತೋಷದಿಂದ ತರುತ್ತಿತ್ತು, ನಾನೂ ಹಿಗ್ಗಿದೆ. ಕೈ ಎತ್ತಿದೊಡನೆ ಚಿಮ್ಮಿ ಓಡುವ ಆ ಅಭ್ಯಾಸವನ್ನು ಬಿಡಿಸಲು ಅರ್ಧ ವರ್ಷ ಹಿಡಿಯಿತು.

ಹಂತ 5: ಗಾಳಿಯನ್ನು ಬಳಸಿ ಹುಡುಕುವುದು

ನಾಯಿ ನಿಮ್ಮ ಮುಂದೆ ಹತ್ತು ಹದಿನೈದು ಮೀಟರಿನೊಳಗೆ ಎಡಕ್ಕೆ ಬಲಕ್ಕೆ ಅಡ್ಡಾಡುತ್ತ ನೆಲವನ್ನು ಒಂದೂ ಜಾಗ ಬಿಡದೆ ಮೂಸುವುದಕ್ಕೆ ‘ಕ್ವಾರ್ಟರಿಂಗ್’ ಎನ್ನುತ್ತಾರೆ, ಗದ್ದೆ ಉಳುವಾಗ ನೇಗಿಲು ಸಾಲಿನಿಂದ ಸಾಲಿಗೆ ತಿರುಗುವ ಹಾಗೆ. ಇದಕ್ಕೆ ಮುಳಿಹುಲ್ಲು ಮೊಣಕಾಲೆತ್ತರಕ್ಕಿರುವ ಗುಡ್ಡೆಯ ಇಳಿಜಾರು ಅಥವಾ ಪದವು ತಕ್ಕ ಜಾಗ.

ಗಾಳಿ ಯಾವಾಗಲೂ ನಿಮ್ಮ ಮುಖಕ್ಕೆ ಬೀಸುತ್ತಿರಬೇಕು, ಆಗ ಅಡಗಿಸಿಟ್ಟ ವಸ್ತುವಿನ ವಾಸನೆ ನಾಯಿಯತ್ತ ಹರಿದುಬರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಹೊರತು ಇದಕ್ಕೊಂದು ಲೆಕ್ಕ ಸಿಗುತ್ತದೆ: ಬೆಳಗ್ಗೆ ನೆಲದಿಂದ ಕಡಲಿನ ಕಡೆಗೆ ಸಣ್ಣ ಗಾಳಿ, ಮಧ್ಯಾಹ್ನದ ಮೇಲೆ ಕಡಲಗಾಳಿ. ಆದ್ದರಿಂದ ಬೆಳಗಿನ ಪಾಠದಲ್ಲಿ ಮೂಡಣಕ್ಕೆ ಮುಖಮಾಡಿ, ಸಂಜೆ ಪಡುವಣಕ್ಕೆ ಮುಖಮಾಡಿ ನಡೆಯಿರಿ. ಇಬ್ಬನಿಯಿರುವ ಬೆಳಗ್ಗೆ ವಾಸನೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಕಾದ ಮುರಕಲ್ಲಿನ ಮೇಲೆ ಮಧ್ಯಾಹ್ನ ಒಳ್ಳೆಯ ಮೂಗಿಗೂ ಏನೂ ಸಿಗುವುದಿಲ್ಲ.

ಪಾಠಕ್ಕೆ ಮುಂಚೆ ಹಳೆಯ ಟೆನಿಸ್ ಚೆಂಡುಗಳನ್ನು ನಾಲ್ಕೈದು ಕಡೆ ಅಡಗಿಸಿಡಿ. ನೀವೇ ಅಂಕುಡೊಂಕಾಗಿ ನಡೆಯುತ್ತ, ತಿರುಗುವಾಗ ಎರಡು ಚಿಕ್ಕ ಸೀಟಿ ಊದಿದರೆ ನಾಯಿಯೂ ತಿರುಗುತ್ತದೆ. ಅದು ಚೆಂಡಿನ ಸಮೀಪ ಬಂದು ಬಾಲದ ಚಲನೆ ಬದಲಾದಾಗ ಮಾತನಾಡಬೇಡಿ, ಮೂಗು ಕೆಲಸ ಮಾಡುವಾಗ ಬಾಯಿ ಅಡ್ಡ ಬರಬಾರದು. ಪಾಯಿಂಟರ್ ಸಾಕಿದವರು ಈ ಹಂತದಲ್ಲಿ, ವಾಸನೆ ಹಿಡಿದು ನಿಂತ ನಾಯಿಯ ಬಳಿಗೆ ನಿಧಾನವಾಗಿ ಹೋಗಿ ಪಕ್ಕೆ ಸವರುತ್ತ ಆ ನಿಲುವನ್ನು ಉದ್ದವಾಗಿಸಿದರೆ ಸಾಕು, ಉಳಿದುದನ್ನು ಅದರ ರಕ್ತವೇ ಕಲಿಸುತ್ತದೆ.

ಹಂತ 6: ಕೈಸನ್ನೆ

ಇದು ಬ್ಲೈಂಡ್ ಹುಡುಕಲು ಬೇಕಾದದ್ದು. ನಾಯಿಯನ್ನು ನಿಮಗೆ ಎದುರಾಗಿ ಹತ್ತು ಮೀಟರ್ ದೂರ ಕೂರಿಸಿ, ಅದರ ಎಡಕ್ಕೆ ಒಂದು ಡಮ್ಮಿ ಎಸೆದು, ಆ ಕಡೆಯ ಕೈಯನ್ನು ಅಗಲವಾಗಿ ಚಾಚಿ ಕಳುಹಿಸಿ. ಬಲಕ್ಕೂ ಹಾಗೆಯೇ, ಹಿಂದಕ್ಕೆ ಹೋಗಲು ಕೈಯನ್ನು ನೇರ ಮೇಲಕ್ಕೆ ಒತ್ತಿ. ಒಂದೊಂದು ದಿಕ್ಕು ಗಟ್ಟಿಯಾದ ಮೇಲೆ ಎರಡು ಡಮ್ಮಿ ಹಾಕಿ, ನೀವು ಹೇಳಿದ್ದನ್ನು ಮಾತ್ರ ತರಿಸಿ. ಮೂರನೆಯ ಹಂತ ಕಚ್ಚಾ ಇದ್ದರೆ ಇದು ನಡೆಯುವುದಿಲ್ಲ, ನಿಂತು ನೋಡದ ನಾಯಿಗೆ ಸನ್ನೆ ಕಾಣುವುದಾದರೂ ಹೇಗೆ?

ಹಂತ 7: ಹಕ್ಕಿ ಎದುರಾದಾಗ

ಕೋಳಿಯಿಂದ ಆರಂಭಿಸಬೇಕು. ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸಿದ ಮೇಲೆ, ಗೂಡಿನಿಂದ ಹದಿನೈದು ಮೀಟರ್ ದೂರದಲ್ಲಿ ಹಗ್ಗದಲ್ಲಿರುವ ನಾಯಿಯನ್ನು ಕೂರಿಸಿ. ಕೋಳಿಯನ್ನು ನೋಡಬಹುದು, ಅದಕ್ಕೆ ತಡೆಯಿಲ್ಲ. ನೋಡಿ ತಿರುಗಿ ನಿಮ್ಮ ಮುಖ ನೋಡಿದ ಆ ಕ್ಷಣಕ್ಕೇ ತಿಂಡಿ. ಕೆಲವು ದಿನಗಳಲ್ಲಿ ಅದು ಕೋಳಿಯನ್ನು ಕಂಡರೆ ತಾನಾಗಿಯೇ ನಿಮ್ಮ ಕಡೆ ತಿರುಗುತ್ತದೆ. ಆಮೇಲೆ ಎರಡು ಮೂರು ಮೀಟರ್ ಹತ್ತಿರ. ಆಮೇಲೆ ಹಗಲಿನಲ್ಲಿ, ಕೋಳಿಗಳು ಕೆದಕುತ್ತ ತಿರುಗುವಾಗ. ಕೊನೆಗೆ ಅವು ರೆಕ್ಕೆ ಬಡಿದು ಓಡುವಾಗ ನಿಲ್ಲಿಸುವ ಸೀಟಿ. ನಾಯಿ ಮೈಯೆಲ್ಲ ಬಿಗಿದು ನಡುಗುತ್ತಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ.

ಕೊಂದ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿದರೆ ಬುದ್ಧಿ ಬರುತ್ತದೆ, ಅದೇ ಕೋಳಿಯಿಂದ ಹೊಡೆದರೆ ಮತ್ತೆ ಮುಟ್ಟುವುದಿಲ್ಲ ಎಂದು ಸಲಹೆ ಕೊಡುವವರಿದ್ದಾರೆ. ಇದರಿಂದ ನಾಯಿ ಕಲಿಯುವುದು ಒಡೆಯನಿಗೆ ಹೆದರುವುದನ್ನು ಮಾತ್ರ. ಒಡೆಯ ಇಲ್ಲದಾಗ ಅದು ಕೋಳಿಯನ್ನು ಹಿಡಿದೇ ಹಿಡಿಯುತ್ತದೆ.

ಕೋಳಿಯ ಪಾಠ ಗಟ್ಟಿಯಾದ ಮೇಲೆ ತೋಟದ ಹುಂಡುಕೋಳಿ, ಬೈಲಿನ ಬೆಳ್ಳಕ್ಕಿ, ಗುಡ್ಡೆಯ ನವಿಲು. ಇವನ್ನು ಹುಡುಕಿಕೊಂಡು ಹೋಗಿ ಎಬ್ಬಿಸಬಾರದು. ನಡೆಯುವ ದಾರಿಯಲ್ಲಿ ತಾವಾಗಿ ಎದ್ದರೆ, ಎದ್ದ ಕ್ಷಣವೇ ಸೀಟಿ ಊದಿ ಕೂರಿಸಿ, ಹಕ್ಕಿ ಕಣ್ಮರೆಯಾದ ಮೇಲೆ ವಿರುದ್ಧ ದಿಕ್ಕಿಗೆ ಒಂದು ಡಮ್ಮಿ ಎಸೆದು ತರಿಸಿ. ಹಕ್ಕಿ ಹಾರಿತೆಂದರೆ ಕುಳಿತುಕೊಳ್ಳಬೇಕು, ಕುಳಿತರೆ ಕೆಲಸ ಸಿಗುತ್ತದೆ, ಈ ಸಂಬಂಧ ನಾಯಿಯ ಮನಸ್ಸಿನಲ್ಲಿ ಕೂರಲು ತಿಂಗಳುಗಳು ಬೇಕು.

ಬೇಸಿಗೆಯಲ್ಲಿ ಪದವಿನ ಬರಿನೆಲದ ಮೇಲೆ ಟಿಟ್ಟಿಭಗಳು ಮೊಟ್ಟೆಯಿಡುತ್ತವೆ. ಗೂಡೆಂಬುದೇನೂ ಇಲ್ಲ, ಕಲ್ಲಿನ ಬಣ್ಣದ ಮೊಟ್ಟೆ ಕಲ್ಲುಗಳ ನಡುವೆ ಬಿದ್ದಿರುತ್ತದೆ. ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲಿದೆ. ನಾಯಿಗೆ ಹಗ್ಗ ಹಾಕಿ ಬಂದ ದಾರಿಯಲ್ಲೇ ಹಿಂದಿರುಗಿ. ಆ ತಿಂಗಳುಗಳಲ್ಲಿ ಹುಡುಕಾಟದ ಪಾಠಗಳನ್ನು ತೋಟದೊಳಗೆ ನಡೆಸುವುದು ಒಳ್ಳೆಯದು.

ಹಂತ 8: ನೀರು

ಡಿಸೆಂಬರಿನ ಹೊತ್ತಿಗೆ ತೋಡುಗಳಿಗೆ ಕಟ್ಟ ಹಾಕಿದ ಮೇಲೆ ನಿಲ್ಲುವ ನೀರಿನಂತಹ ಪಾಠಶಾಲೆ ಬೇರೆಲ್ಲಿಯೂ ಸಿಗದು: ಸೆಳೆತವಿಲ್ಲ, ದಂಡೆ ಇಳಿಜಾರಾಗಿರುತ್ತದೆ, ತಳ ಕಾಣುತ್ತದೆ. ನಾಯಿಯನ್ನು ಎತ್ತಿ ನೀರಿಗೆ ಹಾಕಬೇಡಿ, ಒಂದು ಸಲ ಹೆದರಿದರೆ ಲ್ಯಾಬ್ರಡಾರ್ ಕೂಡ ವರ್ಷಗಟ್ಟಲೆ ನೀರಿಗಿಳಿಯದು. ನೀವು ಮೊಣಕಾಲುದ್ದ ನೀರಿನಲ್ಲಿ ನಿಂತು ಕರೆಯಿರಿ. ತೇಲುವ ಡಮ್ಮಿಯನ್ನು ಮೊದಲು ಅದರ ಕಾಲು ನೆಲಕ್ಕೆ ಎಟಕುವಷ್ಟು ದೂರಕ್ಕೆ, ದಿನಕಳೆದಂತೆ ಈಜಬೇಕಾದ ದೂರಕ್ಕೆ ಎಸೆಯಿರಿ. ದಡಕ್ಕೆ ಬಂದೊಡನೆ ಮೈ ಕೊಡಹಲು ಡಮ್ಮಿಯನ್ನು ಕೆಳಗೆ ಹಾಕುವ ಚಾಳಿ ಬಹಳ ನಾಯಿಗಳಿಗಿದೆ. ನೀವು ನೀರಿನ ಅಂಚಿನಲ್ಲಿಯೇ ನಿಂತು ಕೈಗೆ ತೆಗೆದುಕೊಂಡರೆ ಅದು ಬೆಳೆಯುವುದಿಲ್ಲ. ಮುಗಿದ ಮೇಲೆ ಕಿವಿಯ ಒಳಭಾಗವನ್ನು ಒಣಬಟ್ಟೆಯಿಂದ ಒರಸಿ, ಸ್ಪೇನಿಯಲ್‌ನ ಜೋಲುಕಿವಿ ಒದ್ದೆಯಾಗಿ ಉಳಿದರೆ ನಮ್ಮ ಹವೆಯಲ್ಲಿ ಕಿವಿ ಕೊಳೆಯಲು ಹೆಚ್ಚು ದಿನ ಬೇಡ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೋಡಿಗೂ ಹೊಳೆಗೂ ಇಳಿಸಬೇಡಿ.

ಗರ್ನಾಲಿನ ಸದ್ದು

ಹಂದಿ ಓಡಿಸಲು ಗರ್ನಾಲು ಸಿಡಿಸುವ ಊರುಗಳಲ್ಲಿ ನಾಯಿಗೆ ಸದ್ದಿನ ಭಯ ಹುಟ್ಟದಂತೆ ನೋಡಿಕೊಳ್ಳಬೇಕು. ಮರಿ ಊಟ ಮಾಡುವಾಗ ಐವತ್ತು ಹೆಜ್ಜೆ ದೂರದಲ್ಲಿ ಯಾರಾದರೂ ತಟ್ಟೆ ಬಡಿಯಲಿ. ಅದು ತಲೆಯೆತ್ತದೆ ತಿನ್ನುತ್ತಿದ್ದರೆ ಮರುದಿನ ಹತ್ತು ಹೆಜ್ಜೆ ಹತ್ತಿರ. ಹೆದರುತ್ತದೆಯೋ ಎಂದು ಪರೀಕ್ಷಿಸಲು ಪಕ್ಕದಲ್ಲಿಯೇ ಪಟಾಕಿ ಹೊಡೆಯುವುದು ಒಳ್ಳೆಯ ನಾಯಿಯನ್ನು ಒಂದೇ ಗಳಿಗೆಯಲ್ಲಿ ಕೆಡಿಸುವ ದಾರಿ.

ತೋಟ ಗುಡ್ಡೆಗಳ ಅಪಾಯಗಳು

ಬಿಸಿಲು ಮೊದಲನೆಯದು. ನಾಯಿಗೆ ನಮ್ಮಂತೆ ಬೆವರಿ ತಣಿಯಲಾಗುವುದಿಲ್ಲ, ತೇಕಿ ತಣಿಯಬೇಕು; ಸೆಕೆಯಿರುವ ಗಾಳಿಯಲ್ಲಿ ತೇಕುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಎಂಟರೊಳಗೆ, ಸಂಜೆ ಐದೂವರೆಯ ಮೇಲೆ ಮಾತ್ರ ಪಾಠ. ಮುರಕಲ್ಲಿನ ಮೇಲೆ ಮುಂಗೈಯನ್ನು ಐದು ಸೆಕೆಂಡ್ ಇಡಲಾಗದಿದ್ದರೆ ಅದು ನಾಯಿಯ ಪಾದಕ್ಕೂ ಸುಡುತ್ತದೆ. ನಾಲಿಗೆ ಕಡುಗೆಂಪಾಗಿ ಕಾಲು ತಡವರಿಸಿದರೆ ಮೈಗೆಲ್ಲ ನೀರು ಸುರಿದು, ಗಾಳಿ ಹಾಕಿ, ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೆ ಅಪಾಯ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಬಿಡುವ ದಿನ ನಾಯಿಯನ್ನು ತೋಟಕ್ಕೆ ಕರೆದೊಯ್ಯಬೇಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಬೆರೆಸಿದ ಡ್ರಮ್ಮಿನಿಂದ ಬಾಯಾರಿದ ನಾಯಿ ಕುಡಿದರೆ ಮೈಲುತುತ್ತು ಹೊಟ್ಟೆ ಸೇರುತ್ತದೆ. ಬೇಲಿಯ ಪಕ್ಕದಲ್ಲಿ ಕಾಡುಹಂದಿಗೆಂದು ಕದ್ದು ಹಾಕಿದ ತಂತಿಯ ಉರುಳುಗಳಿರಬಹುದು, ಆದ್ದರಿಂದ ಹೊಸ ಗುಡ್ಡೆಗೆ ನಾಯಿಯನ್ನು ಬಿಡುವ ಮುನ್ನ ನೀವೊಮ್ಮೆ ಅಂಚಿನಲ್ಲಿ ನಡೆದು ನೋಡಿ. ಹಿಂದಿರುಗಿದ ಮೇಲೆ ಕಿವಿ, ಕಂಕುಳು, ಬೆರಳುಗಳ ಸಂದಿಯಲ್ಲಿ ಉಣ್ಣಿ ಹುಡುಕಿ ತೆಗೆಯುವುದು ದಿನದ ಕೆಲಸ, ಅವು ರಕ್ತದ ಕಾಯಿಲೆಗಳನ್ನು ಹರಡುತ್ತವೆ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವಿದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದನ್ನು ನಾಯಿಗೆ ಕೊಡುತ್ತಾರೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಎಲ್ಲ ಎಚ್ಚರಿಕೆಯ ನಡುವೆಯೂ ಹಕ್ಕಿಯನ್ನು ಹಿಡಿದು ತಂದರೆ

ಈ ಪ್ರಶ್ನೆಯನ್ನು ಕೇಳುವವರು ಹೆಚ್ಚಾಗಿ ನಾಯಿಯನ್ನು ಹೊಡೆದ ಮೇಲೆ ಕೇಳುತ್ತಾರೆ. ಹೊಡೆಯಬೇಡಿ, ಕೂಗಲೂ ಬೇಡಿ. ತಂದದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ತರುವುದಿಲ್ಲ, ಪೊದೆಯೊಳಗೆ ಕುಳಿತು ತಿಂದು ಮುಗಿಸುತ್ತದೆ. ಡಮ್ಮಿಗೆ ಒಡ್ಡುವಂತೆಯೇ ಅಂಗೈ ಒಡ್ಡಿ ‘ಕೊಡು’ ಎನ್ನಿ. ಮೆದುಬಾಯಿಯ ನಾಯಿಯಾಗಿದ್ದರೆ ಹಕ್ಕಿ ಬದುಕಿರುವ ಸಾಧ್ಯತೆ ಇದೆ. ಅದನ್ನು ಗಾಳಿಯಾಡಲು ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ ಇಟ್ಟು, ಮುಚ್ಚಿ, ಕತ್ತಲಿರುವ ಸದ್ದಿಲ್ಲದ ಕೋಣೆಯಲ್ಲಿರಿಸಿ. ಕೊಕ್ಕಿನೊಳಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಅರಣ್ಯ ಇಲಾಖೆಗೆ ಆ ಹೊತ್ತೇ ತಿಳಿಸಿ. ನಾಯಿಗೆ ಮರುದಿನದಿಂದ ಎರಡು ವಾರ ಮತ್ತೆ ಉದ್ದ ಹಗ್ಗ, ಮತ್ತೆ ಮೂರನೆಯ ಹಂತ. ಆ ಹದಿನೈದು ದಿನ ಗುಡ್ಡೆ ಬೇಡ, ಅಂಗಳದಲ್ಲಿಯೇ ಸೀಟಿಯ ಪಾಠ ನಡೆಯಲಿ.